ಎರಡನೆಯ ಸಲ ಬಂದ ಸಾಹೇಬರು

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿಕ್ಷಣ ಖಾತೆಯ ಅಧಿಕಾರಿಗಳ ಬಗ್ಗೆಯೇ ಇವೆ. ಜೂನ್ ಎಂದರೆ ಮುಂಬಯಿಯಲ್ಲಿ ಮಳೆಯೂ ಸಾಹೇಬರೂ ಶಾಲೆಗೆ ಒಟ್ಟಿಗೆ ಬರುವ ಕಾಲ, ಹಾಗಾಗಿ ಆಶ್ಚರ್ಯವೇನಿಲ್ಲ. ಹೊಸ ಓದುಗರಿಗಾಗಿ ಒಂದು ಮಾತು: ಈ ಅಂಕಣ ಬರೆಯುವವಳು ಗದಗ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದು, ಹತ್ತೊಂಬತ್ತು ವರ್ಷ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ, ಹದಿನಾರು ವರ್ಷ ಬೀಟ್ ಅಧಿಕಾರಿಯಾಗಿ, ಎಂದರೆ ಒಂದು ಭಾಗದ ಶಾಲೆಗಳ ತಪಾಸಣೆ ಮಾಡುವವಳಾಗಿದ್ದು, 2012ರಲ್ಲಿ ನಿವೃತ್ತಳಾದವಳು. ಸಾಹೇಬರನ್ನು ಬಯ್ಯುವಾಗ ನನ್ನನ್ನೂ ಸೇರಿಸಿಯೇ ಬಯ್ಯುತ್ತೇನೆ.

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವರ ಊರಿನ ಶಾಲೆಗಳಿಗೆಲ್ಲ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ನಿವೃತ್ತರಾಗುತ್ತಿದ್ದಾರಂತೆ. ಹೊಸಬರಲ್ಲಿ ಯಾವ ಗುಣಗಳಿರಬೇಕು ಎಂದು ಪಾಲಕರಿಗೆಲ್ಲ ಪ್ರಶ್ನಾವಳಿ ಬಂದಿದೆ. ‘ಅಪ್ಪಾ, ಏನು ಬರೆಯಲಿ?’ ಎಂದು ನನ್ನನ್ನು ಕೇಳಿದಳು. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನನಗೆ ಏನು ಗೊತ್ತು? ಆ ಹುದ್ದೆ ನಮ್ಮಲ್ಲಿ ಯಾರದು? ಅಂಥವರಲ್ಲಿ ಒಳ್ಳೆಯವರನ್ನು ಗುರುತಿಸುವುದು ಹೇಗೆ?
ಒಬ್ಬ ತಂದೆ, ಡೊಂಬಿವಲಿ

ಉತ್ತರ: ರಾಯರೇ, ಮೊದಲು ನಿಮ್ಮ ಮಗಳ ಊರಿನವರಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತೈದು ವರ್ಷದ ನೌಕರಿಯಲ್ಲಿ ‘ನಿಮಗೆ ಎಂಥ ಸಾಹೇಬರು ಬೇಕು’ ಎಂದು ನನ್ನನ್ನು ಒಬ್ಬರೂ ಕೇಳಿದ್ದಿಲ್ಲ. ಬಂದವರಿಗೆ ಹಾರ ಹಾಕುವುದು, ಹೋಗುವವರಿಗೆ ಶಾಲು ಹೊದಿಸುವುದು, ನಮ್ಮ ಪಾಲಿನ ಅಧಿಕಾರ ಅಷ್ಟೇ.

ಅಮೆರಿಕದಲ್ಲಿ ಸುಮಾರು ಹದಿಮೂರು ಸಾವಿರ ಶಾಲಾ ಜಿಲ್ಲೆಗಳಿವೆ. ಅವು ನಮ್ಮ ಜಿಲ್ಲೆಗಳಂತಲ್ಲ, ಎಷ್ಟೋ ಕಡೆ ಒಂದು ಊರಿಗೇ ಒಂದು. ಹೆಚ್ಚಿನ ಕಡೆ ಊರವರು ಶಾಲಾ ಮಂಡಳಿಯನ್ನು ಮತ ಹಾಕಿ ಆರಿಸುತ್ತಾರೆ, ಆ ಮಂಡಳಿ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಸರಿಬರದಿದ್ದರೆ ಕಳುಹಿಸಿಯೂ ಕೊಡುತ್ತದೆ. ನಮ್ಮಲ್ಲಿ ಆ ಒಂದು ಕುರ್ಚಿ ಒಡೆದು ನಾಲ್ಕೈದು ಸ್ಟೂಲುಗಳಾಗಿವೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಆ ಶಾಲೆಗಳಿಗೆ ಪಾಲಿಕೆಯ ಶಿಕ್ಷಣಾಧಿಕಾರಿ, ಅವರ ಕೆಳಗೆ ವಾರ್ಡಿಗೆ ಆಡಳಿತಾಧಿಕಾರಿ, ಬೀಟಿಗೆ ನನ್ನಂಥವರು. ಖಾಸಗಿ ಅನುದಾನಿತ ಶಾಲೆಗಳನ್ನು ನೋಡುವವರು ರಾಜ್ಯ ಸರ್ಕಾರದ ಶಿಕ್ಷಣ ನಿರೀಕ್ಷಕರು. ಸೋಲಾಪುರ, ಸಾಂಗಲಿ ಕಡೆ ಹೋದರೆ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿ, ತಾಲೂಕಿಗೆ ಗಟ ಶಿಕ್ಷಣಾಧಿಕಾರಿ, ಬೀಟಿಗೆ ವಿಸ್ತಾರ ಅಧಿಕಾರಿ, ಹತ್ತಾರು ಶಾಲೆಗಳಿಗೊಬ್ಬ ಕೇಂದ್ರ ಪ್ರಮುಖ. ಇವರೇ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಡಿಡಿಪಿಐ, ಬಿಇಒ, ಸಿಆರ್‌ಪಿ. ಹಣ ಒಬ್ಬರ ಕೈಯಲ್ಲಿ, ವರ್ಗಾವಣೆ ಇನ್ನೊಬ್ಬರ ಕೈಯಲ್ಲಿ, ಪಾಠ ನೋಡುವುದು ಮೂರನೆಯವರ ಪಾಲಿಗೆ. ಆದ್ದರಿಂದ ನಮ್ಮಲ್ಲಿ ‘ಅದು ನನ್ನ ಕೈಯಲ್ಲಿಲ್ಲ’ ಎನ್ನುವ ಮಾತಿಗೆ ಎಂದೂ ಬರವಿಲ್ಲ.

ಇನ್ನು ಗುರುತಿಸುವ ಬಗೆ. ಅದನ್ನು ನನಗೆ ಕಲಿಸಿದ್ದು ಒಂದು ಷರಾ ಪುಸ್ತಕ, ಎಂದರೆ ಭೇಟಿಗೆ ಬಂದ ಅಧಿಕಾರಿ ತನ್ನ ಅಭಿಪ್ರಾಯ ಬರೆದಿಡುವ ಶಾಲೆಯ ಪುಸ್ತಕ.

ಬೀಟ್ ಅಧಿಕಾರಿಯಾದ ಮರುವರ್ಷ, 1997ರಲ್ಲಿ, ಧಾರಾವಿ ಕಡೆಯ ಒಂದು ಕನ್ನಡ ಶಾಲೆಗೆ ಭೇಟಿ ಕೊಟ್ಟೆ. ಮಧ್ಯಾಹ್ನದ ಪಾಳಿ, ಮೂರನೆಯ ಮಹಡಿ. ಎಲ್ಲ ವರ್ಗಗಳನ್ನೂ ಸುತ್ತಿ, ಚಹಾ ಕುಡಿದು, ಷರಾ ಪುಸ್ತಕದಲ್ಲಿ ಬರೆದೆ: ‘ಮೂರನೆಯ ಇಯತ್ತೆಯ ಮಕ್ಕಳ ಓದು ಸುಧಾರಿಸಬೇಕು. ಸಂಬಂಧಿತ ಶಿಕ್ಷಕರು ಗಮನಿಸುವುದು.’ ಕೆಳಗೆ ಸಹಿ, ದಿನಾಂಕ. ಮತ್ತೆ ಆ ಶಾಲೆಗೆ ಸರಿಯಾಗಿ ಹೋದದ್ದು ಎರಡು ವರ್ಷದ ಮೇಲೆ. ಮತ್ತೆ ಸುತ್ತಿದೆ, ಚಹಾ ಕುಡಿದೆ, ಪುಸ್ತಕ ತರಿಸಿ ಬರೆದೆ. ಮುಖ್ಯಾಧ್ಯಾಪಕರು ಜಮಖಂಡಿ ಕಡೆಯ ಹಿರಿಯರು, ನಿವೃತ್ತಿಗೆ ಆರು ತಿಂಗಳು ಉಳಿದಿತ್ತು, ಯಾರಿಗೂ ಹೆದರಬೇಕಾದ ಗರಜು ಅವರಿಗಿರಲಿಲ್ಲ. ನಾನು ಬರೆದದ್ದನ್ನು ಓದಿ, ಮೆಲ್ಲಗೆ ಹಿಂದಿನ ಹಾಳೆ ತಿರುವಿ ನನ್ನ ಮುಂದಿಟ್ಟರು. ಅದೇ ಅಕ್ಷರ, ಅದೇ ವಾಕ್ಯ, ಅದೇ ‘ಗಮನಿಸುವುದು’. ‘ಬಾಯಿಯವರೇ, ಇಷ್ಟು ಶ್ರಮ ಏಕೆ? ಮುಂದಿನ ಸಲ ಮೇಲಿನಂತೆ ಎಂದು ಬರೆದುಬಿಡಿ’ ಎಂದರು.

ಮುಖಕ್ಕೆ ನೀರು ಎರಚಿದಂತಾಯಿತು. ಮೇಲೆ ಫ್ಯಾನು ತಿರುಗುತ್ತಿತ್ತು, ಶಿಪಾಯಿ ಕಪ್ಪು ಬಸಿ ಎತ್ತಿಕೊಂಡು ಹೋಗುತ್ತಿದ್ದ, ನನಗೆ ಮಾತ್ರ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮತ್ತೆ ಮೂರನೆಯ ಇಯತ್ತೆಗೆ ಹೋಗಿ ಹಿಂದಿನ ಬಾಕಿನ ಮೇಲೆ ಕುಳಿತೆ. ಒಬ್ಬ ಹುಡುಗ ಪಾಠವನ್ನು ಗಡಗಡ ಓದಿದ. ಚಿತ್ರದ ಮೇಲೆ ಅಂಗೈ ಇಟ್ಟು, ‘ಈಗ ಕೊನೆಯ ಸಾಲಿನಿಂದ ಓದು’ ಎಂದೆ. ನಿಂತುಬಿಟ್ಟ. ಅವನು ಓದುತ್ತಿರಲಿಲ್ಲ, ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತಿದ್ದ. ಅಂಥವರು ಆ ವರ್ಗದಲ್ಲಿ ಹದಿನೇಳು ಮಂದಿ. ಅರ್ಧಕ್ಕರ್ಧ ಮಕ್ಕಳ ಮನೆಮಾತು ಕನ್ನಡವಲ್ಲ ಎಂಬುದೂ ನನಗೆ ಅಂದೇ ತಿಳಿದದ್ದು. ಶಿಕ್ಷಕಿಗೆ ಇದೆಲ್ಲ ಗೊತ್ತಿತ್ತು. ‘ಮತ್ತೆ ಹೇಳಲಿಲ್ಲವೇಕೆ?’ ಎಂದರೆ, ‘ನೀವು ಕೇಳಲಿಲ್ಲ, ಬರೆದಿರಿ’ ಎಂದಳು.

ಆ ಸಂಜೆ ನಾವಿಬ್ಬರೂ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯ ಮೇಲೆ ಅಕ್ಷರದ ಚೀಟಿಗಳನ್ನು ಮಾಡಿದೆವು. ಮುಂದಿನ ಬುಧವಾರ ಬರುತ್ತೇನೆ ಎಂದು ಹೇಳಿ ಹೊರಟೆ. ಬುಧವಾರ ಹೋದಾಗ ಆಕೆ ಬಾಗಿಲಲ್ಲಿ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ಅಯ್ಯೋ, ನಿಜವಾಗಿಯೂ ಬಂದಿರಾ?’

ರಾಯರೇ, ಮೊದಲನೆಯ ಭೇಟಿಯಲ್ಲಿ ಶಾಲೆಯ ತಪಾಸಣೆ ಆಗುತ್ತದೆ. ಎರಡನೆಯದರಲ್ಲಿ ಅಧಿಕಾರಿಯ ತಪಾಸಣೆ ಆಗುತ್ತದೆ: ಹೋದ ಸಲ ತಾನು ಆಡಿದ ಮಾತು ಏನಾಯಿತು, ಕೊಡುತ್ತೇನೆಂದದ್ದು ಬಂತೇ, ಹೇಳಿಕೊಟ್ಟದ್ದು ಫಲಿಸಿತೇ, ಅಥವಾ ತನ್ನ ಸಲಹೆಯೇ ತಪ್ಪಾಗಿತ್ತೇ. ಅದಕ್ಕೇ ಹೆಚ್ಚಿನವರು ಮೊದಲನೆಯ ಭೇಟಿಗೇ ಮುಗಿಸುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ.

ನಿಮ್ಮ ಮಗಳ ದೇಶದಲ್ಲಿ ಈ ಬಗ್ಗೆ ಲೆಕ್ಕ ಹಾಕಿ ನೋಡಿದವರಿದ್ದಾರೆ. 2006ರಲ್ಲಿ ವಾಟರ್ಸ್ ಮತ್ತು ಮಾರ್ಜಾನೋ ಎಂಬ ಇಬ್ಬರು ಹಿಂದಿನ 27 ಅಧ್ಯಯನಗಳನ್ನು ಒಟ್ಟುಗೂಡಿಸಿ, ಜಿಲ್ಲೆಯ ಮುಖ್ಯಸ್ಥರ ನಾಯಕತ್ವಕ್ಕೂ ಮಕ್ಕಳ ಕಲಿಕೆಗೂ ಸಣ್ಣದಾದರೂ ನಿಜವಾದ ನಂಟಿದೆ ಎಂದರು. ಹೆಚ್ಚು ಕಾಲ ಒಂದೇ ಕಡೆ ಇದ್ದವರ ಜಿಲ್ಲೆಗಳು ತುಸು ಮೇಲು ಎಂದೂ ಹೇಳಿದರು. 2014ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಯವರು ಫ್ಲೋರಿಡಾ ಮತ್ತು ನಾರ್ತ್ ಕ್ಯಾರೊಲೈನಾದ ಮಕ್ಕಳ ಅಂಕಗಳನ್ನು ಹಿಡಿದು ನೋಡಿ, ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ಸೂಪರಿಂಟೆಂಡೆಂಟರ ಪಾಲು ಶೇಕಡಾ 0.3 ಮಾತ್ರ, ಅವರು ಹೆಚ್ಚು ವರ್ಷ ಇದ್ದ ಮಾತ್ರಕ್ಕೆ ಮಕ್ಕಳು ಮುಂದೆ ಹೋಗುವುದಿಲ್ಲ ಎಂದರು. ಓದಿ ನನಗೆ ನಗು ಬಂತು. ಎರಡೂ ನಿಜವೇ ಇರಬಹುದು. ಒಂದೇ ಕುರ್ಚಿಯಲ್ಲಿ ಹತ್ತು ವರ್ಷ ಕೂತು ‘ಗಮನಿಸುವುದು’ ಎಂದು ಬರೆಯುತ್ತಾ ಹೋದವರನ್ನು ನಾನು ಕಂಡಿದ್ದೇನೆ. ಎರಡು ವರ್ಷದಲ್ಲೇ ಒಂದೊಂದು ಶಾಲೆಗೆ ಐದೈದು ಸಲ ಹೋದವರನ್ನೂ ಕಂಡಿದ್ದೇನೆ.

ಅಲ್ಲಿನ ಒಂದು ಹೆಸರನ್ನೂ ಹೇಳಿಬಿಡುತ್ತೇನೆ. ಆಂಥನಿ ಅಲ್ವರಾಡೊ ಎನ್ನುವವರು 1987ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಎರಡನೆಯ ಶಾಲಾ ಜಿಲ್ಲೆಗೆ ಮುಖ್ಯಸ್ಥರಾದರು. ಶಿಕ್ಷಕರ ಕಲಿಕೆಗೆ ಹಣ ಸುರಿದರು, ಮುಖ್ಯಾಧ್ಯಾಪಕರ ಸಭೆಗಳಲ್ಲಿ ಪಾಠದ ಮಾತೇ ಮುಖ್ಯವಾಗುವಂತೆ ಮಾಡಿದರು, ಶಾಲೆಗಳಿಗೆ ತಾವೇ ಹೋಗಿ ವರ್ಗ ವರ್ಗ ಸುತ್ತಿದರು. ಓದಿನಲ್ಲಿ ನಗರಕ್ಕೆ ಹತ್ತನೆಯದಾಗಿದ್ದ ಜಿಲ್ಲೆ 1996ರ ಹೊತ್ತಿಗೆ ಎರಡನೆಯದಾಯಿತು. ಕೆಲಸ ಬಾರದ ಮುಖ್ಯಾಧ್ಯಾಪಕರನ್ನು ಬದಲಿಸುವ ಅಧಿಕಾರವೂ ಅವರ ಕೈಯಲ್ಲಿತ್ತು, ಅದನ್ನು ಬಳಸಿದರು ಕೂಡ. ನಮ್ಮ ಕೇಂದ್ರ ಪ್ರಮುಖನಿಗೆ ಆ ಬಲ ಎಲ್ಲಿಂದ ಬರಬೇಕು?

ಮಗಳಿಗೆ ಹೇಳಿ, ಪ್ರಶ್ನಾವಳಿಯಲ್ಲಿ ಗುಣಗಳ ಪಟ್ಟಿ ಬರೆಯುವುದು ಬೇಡ. ದೂರದೃಷ್ಟಿ, ಪಾರದರ್ಶಕತೆ, ಸಹೃದಯತೆ ಎಲ್ಲವನ್ನೂ ಎಲ್ಲರೂ ಬರೆದಿರುತ್ತಾರೆ. ಅಭ್ಯರ್ಥಿಗಳಿಗೆ ಒಂದು ಪ್ರಶ್ನೆ ಕೇಳಿಸಲಿ: ‘ಹಿಂದಿನ ಊರಿನಲ್ಲಿ ಒಂದೇ ಶಾಲೆಗೆ ಒಂದೇ ಕಾರಣಕ್ಕಾಗಿ ನೀವು ಎಷ್ಟು ಸಲ ಹೋದಿರಿ? ಎರಡನೆಯ ಸಲ ಹೋದಾಗ ಏನು ಕಂಡಿರಿ?’ ಶಾಲೆಯ ಹೆಸರು, ವರ್ಗ, ಮಗುವಿನ ಮುಖ ನೆನಪಿಸಿಕೊಂಡು ಉತ್ತರಿಸುವವರು ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ನಾನು ಜತ್ತ ತಾಲೂಕಿನವನು, ಕಲ್ಯಾಣದಲ್ಲಿ ಕಾಕಾ ಅವರ ಮನೆಯಲ್ಲಿದ್ದು ಓದಿ, ಲೋಕಸೇವಾ ಆಯೋಗದ ಪರೀಕ್ಷೆ ಪಾಸಾಗಿ ಉಪಶಿಕ್ಷಣಾಧಿಕಾರಿಯಾಗಿ ಆಯ್ಕೆಯಾಗಿದ್ದೇನೆ. ಮೊದಲ ನೂರು ದಿನಗಳಲ್ಲಿ ಜಿಲ್ಲೆಯಲ್ಲಿ ಯಾವ ಹೊಸ ಉಪಕ್ರಮ ಆರಂಭಿಸಿದರೆ ಒಳ್ಳೆಯದು?
ಹೊಸ ಅಧಿಕಾರಿ

ಉತ್ತರ: ತಮ್ಮಾ, ಅಭಿನಂದನೆ. ಯಾವುದನ್ನೂ ಆರಂಭಿಸಬೇಡ.

ನಿನಗಿಂತ ಮೊದಲು ಬಂದವರೂ ಒಂದೊಂದು ಉಪಕ್ರಮ ತಂದಿದ್ದಾರೆ. ಅವುಗಳ ರಿಜಿಸ್ಟರುಗಳು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಒಂದರ ಮೇಲೊಂದು ಕೂತಿವೆ. ಮೊದಲ ತಿಂಗಳು ಶಾಲೆಗಳಿಗೆ ಹೋಗಿ ಷರಾ ಪುಸ್ತಕಗಳನ್ನು ಓದು. ಹತ್ತು ವರ್ಷದಿಂದ ಯಾವ ಮಾತು ಮತ್ತೆ ಮತ್ತೆ ಬರೆಯಲ್ಪಟ್ಟಿದೆ ಎಂದು ನೋಡು. ‘ಶೌಚಾಲಯದ ನೀರಿನ ವ್ಯವಸ್ಥೆ ಮಾಡುವುದು’ ಎಂದು ಆರು ಸಾಹೇಬರು ಬರೆದಿದ್ದರೆ ಏಳನೆಯ ಸಾಹೇಬನ ಉಪಕ್ರಮ ಅದೇ. ನಲ್ಲಿಯಲ್ಲಿ ನೀರು ಬರುವಂತೆ ಮಾಡು. ಅದರ ಫೋಟೋ ಪತ್ರಿಕೆಯಲ್ಲಿ ಬರುವುದಿಲ್ಲ. ಏಳನೆಯ ಇಯತ್ತೆಯ ಹೆಣ್ಣುಮಕ್ಕಳು ಮಧ್ಯಾಹ್ನ ಮನೆಗೆ ಓಡುವುದು ನಿಂತರೆ ಸಾಕು.

ಜೀಪು ಇರುವ ದಿನವೂ ಕೆಲವೊಮ್ಮೆ ಬಸ್ಸಿನಲ್ಲಿ ಹೋಗು. ಶಿಕ್ಷಕಿ ಎಷ್ಟು ಹೊತ್ತಿಗೆ ಏಕೆ ಬರುತ್ತಾಳೆ ಎಂಬುದು ತಾನಾಗಿಯೇ ತಿಳಿಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕಾಗದದಲ್ಲಿ ಎಲ್ಲ ಕಡೆಯೂ ಇದ್ದಾರೆ. ನನ್ನ ಬೀಟಿನ ಒಂದು ಶಾಲೆಯಲ್ಲಿ ಸಭೆ ಪ್ರತಿ ತಿಂಗಳೂ ಬೆಳಗ್ಗೆ ಹನ್ನೊಂದಕ್ಕೆ ನಡೆಯುತ್ತಿತ್ತು, ಸಹಿಗಳೂ ಇರುತ್ತಿದ್ದವು. ತಾಯಂದಿರು ಆ ಹೊತ್ತಿಗೆ ಮಾಟುಂಗದ ಕಡೆ ಮನೆಗೆಲಸದಲ್ಲಿ ಇರುತ್ತಿದ್ದರು. ಸಹಿಯ ಪುಸ್ತಕ ಮಕ್ಕಳ ಚೀಲದಲ್ಲಿ ಮನೆಗೆ ಹೋಗಿ ಮರುದಿನ ಬರುತ್ತಿತ್ತು. ಸಭೆಯನ್ನು ರಾತ್ರಿ ಎಂಟಕ್ಕೆ, ಚಾಳಿನ ಗಣಪತಿ ಮಂಡಪದ ಜಾಗದಲ್ಲಿ ಇಟ್ಟೆವು. ಮೊದಲ ಸಲ ಇಪ್ಪತ್ತಮೂರು ಜನ ತಾಯಂದಿರು ಬಂದರು, ಬಂದು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಶಾಲೆಯ ಮಧ್ಯಾಹ್ನದೂಟದ ಖಿಚಡಿಯಲ್ಲಿ ಬೇಳೆ ಎಲ್ಲಿದೆ ಎಂದು ಒಬ್ಬಾಕೆ ಡಬ್ಬಿಯನ್ನೇ ತೆರೆದು ತೋರಿಸಿದಳು.

ಮಾದರಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಸಾತಾರಾ ಜಿಲ್ಲೆಯ ಕುಮಠೆ ಬೀಟಿನಲ್ಲಿ ವಿಸ್ತಾರ ಅಧಿಕಾರಿಯಾಗಿದ್ದ ಪ್ರತಿಭಾ ಭರಾಡೆ ಅವರ ಹೆಸರು ಕೇಳಿರುತ್ತೀ. ಮಕ್ಕಳು ತಾವೇ ಮಾಡಿ, ಆಡಿ, ಜೋಡಿಸಿ ಕಲಿಯುವ ಜ್ಞಾನರಚನಾವಾದವನ್ನು ಜಿಲ್ಲಾ ಪರಿಷತ್ತಿನ ಸಾಮಾನ್ಯ ಶಾಲೆಗಳಲ್ಲಿ ಶಿಕ್ಷಕರ ಜೊತೆಗೂಡಿ ನಡೆಸಿ ತೋರಿಸಿದವರು. ವಿಸ್ತಾರ ಅಧಿಕಾರಿ ಎಂದರೆ ನಮ್ಮ ಏಣಿಯಲ್ಲಿ ಕೆಳಗಿನ ಮೆಟ್ಟಿಲು. ಅಷ್ಟು ಕೆಳಗೆ ನಿಂತು ಮಾಡಿದ ಕೆಲಸ ನೋಡಲು ರಾಜ್ಯದ ಮೂಲೆಮೂಲೆಯಿಂದ ಶಿಕ್ಷಕರು ಬಸ್ಸು ಮಾಡಿಕೊಂಡು ಬಂದರು. ಬಂದವರಲ್ಲಿ ಕೆಲವರು ಅಲ್ಲಿನ ನೆಲದ ಮೇಲೆ ಬಿಡಿಸಿದ ಚೌಕಗಳನ್ನೂ ಅಕ್ಷರಗಳನ್ನೂ ಫೋಟೋ ತೆಗೆದುಕೊಂಡು ಹೋಗಿ ತಮ್ಮ ಶಾಲೆಯ ನೆಲಕ್ಕೆ ಬಣ್ಣ ಬಳಿಸಿದರು. ಆ ಬಣ್ಣದ ಮೇಲೆ ಬಾಕು ಹಾಕಿ ಮಕ್ಕಳನ್ನು ಸಾಲಾಗಿ ಕೂರಿಸಿದ್ದನ್ನೂ ನಾನು ನೋಡಿದ್ದೇನೆ. ಬಣ್ಣ ಒಂದು ಭಾನುವಾರದ ಕೆಲಸ. ಅದಕ್ಕಿಂತ ಮುಂಚೆ ಶಿಕ್ಷಕರು ಒಟ್ಟಿಗೆ ಕೂತು ಓದಿ, ವಾದಿಸಿ, ತಪ್ಪಿ, ತಿದ್ದಿಕೊಂಡ ತಿಂಗಳುಗಳನ್ನು ಫೋಟೋದಲ್ಲಿ ಹಿಡಿಯಲಾಗುವುದಿಲ್ಲ.

ನೀನು ಕನ್ನಡ ಆಡುವ ಗಡಿಯ ಜತ್ತದವನಾದ್ದರಿಂದ ಇನ್ನೊಂದು ಮಾತು. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು, ಅರ್ಧ ಹಣವನ್ನು ಅವರು ಉಳಿದ ಒಂಬತ್ತು ಅಂತಿಮ ಸ್ಪರ್ಧಿಗಳಿಗೆ ಹಂಚಿದರು. ಪಠ್ಯಪುಸ್ತಕಕ್ಕೆ ಅವರು ಜೋಡಿಸಿದ ಕ್ಯೂಆರ್ ಕೋಡನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು ಅವರು ಕನ್ನಡ ಕಲಿತದ್ದು. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು ಎಂದು ಕಂಡು ಮಾಸ್ತರರೇ ಮಕ್ಕಳ ಭಾಷೆ ಕಲಿತರು. ನಿನ್ನ ಜಿಲ್ಲೆಯಲ್ಲಿ ಪಾವರಿಯೋ ಗೋಂಡಿಯೋ, ಅಂಥ ಆದಿವಾಸಿ ಭಾಷೆ ಆಡುವ ಮಕ್ಕಳು ಸಿಕ್ಕಾರು. ಜತ್ತದ ಶಾಲೆಯಲ್ಲಿ ಮೊದಲ ದಿನ ನಿನಗೆ ಹೇಗಾಗಿತ್ತು ಎಂಬುದು ಆಗ ನೆನಪಿರಲಿ.

ಪ್ರಶ್ನೆ: ನಮ್ಮ ಹೊಸ ಮೇಲಧಿಕಾರಿಗಳಿಗೆ ದಿನಕ್ಕೆ ಎಂಟು ಫೋಟೋ ವಾಟ್ಸಾಪಿನಲ್ಲಿ ಕಳುಹಿಸಬೇಕು: ಪ್ರಾರ್ಥನೆ, ಹಾಜರಿ, ಖಿಚಡಿ, ಕೈ ತೊಳೆಯುವುದು, ಇತ್ಯಾದಿ. ಹತ್ತು ನಿಮಿಷ ತಡವಾದರೆ ಗುಂಪಿನಲ್ಲಿ ಎಲ್ಲರ ಮುಂದೆ ಹೆಸರು ಹಾಕುತ್ತಾರೆ. ಪಾಠ ಮಾಡುವುದು ಯಾವಾಗ?
ಮುಖ್ಯೋಪಾಧ್ಯಾಯಿನಿ, ಘಾಟ್‌ಕೋಪರ್

ಉತ್ತರ: ತಂಗೀ, ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಅದನ್ನು ಬರೆದಾಗ ವಾಟ್ಸಾಪು ಇನ್ನೂ ಶಾಲೆಗೆ ಕಾಲಿಟ್ಟಿರಲಿಲ್ಲ. ಆದ್ದರಿಂದ ಕಲಮು ಹಿಡಿದುಕೊಂಡು ಜಗಳಕ್ಕೆ ಹೋಗಬೇಡ, ಸೋಲುತ್ತೀ.

ನನ್ನ ಕಾಲದಲ್ಲಿ ಫೋಟೋ ಇರಲಿಲ್ಲ, ತಖ್ತೆ (ಮಾಹಿತಿ ತುಂಬಿ ಕಳುಹಿಸುವ ಕೋಷ್ಟಕ) ಇತ್ತು. ನಾನೂ ಕೇಳುತ್ತಿದ್ದೆ, ಇಂದು ಸಂಜೆಯೊಳಗೆ ಬೇಕು ಎನ್ನುತ್ತಿದ್ದೆ, ಏಕೆಂದರೆ ನನ್ನ ಮೇಲಿನವರು ನನ್ನಿಂದ ಮಧ್ಯಾಹ್ನದೊಳಗೆ ಕೇಳಿರುತ್ತಿದ್ದರು. ಒಮ್ಮೆ ಲೆಕ್ಕ ಹಾಕಿದೆ: ನಾನು ಶಾಲೆಗಳಿಂದ ಆ ವರ್ಷ ತರಿಸಿಕೊಂಡ ತಖ್ತೆಗಳಲ್ಲಿ ಮೂರರಲ್ಲಿ ಎರಡು ಪಾಲು ಮಾಹಿತಿ ನನ್ನ ಕಪಾಟಿನಲ್ಲೇ ಇತ್ತು. ಹುಡುಕಲು ಸೋಮಾರಿತನವಾಗಿ ಶಾಲೆಯನ್ನು ಕೇಳುತ್ತಿದ್ದೆ. ಆಮೇಲೆ ಒಂದು ವಹಿ ಇಟ್ಟುಕೊಂಡೆ, ಪಟ (ಮಕ್ಕಳ ಸಂಖ್ಯೆ), ಖಾಲಿ ಹುದ್ದೆ, ಕೊಠಡಿ, ನಲ್ಲಿ, ಎಲ್ಲ ಶಾಲೆಯದೂ. ಮೇಲಿನಿಂದ ಫೋನು ಬಂದರೆ ವಹಿ ನೋಡಿ ನಾನೇ ಉತ್ತರ ಕೊಡುತ್ತಿದ್ದೆ. ಅಧಿಕಾರಿ ಎಂಬುವನು ಕಾಗದವನ್ನು ಮೇಲಕ್ಕೂ ಕೆಳಕ್ಕೂ ದಾಟಿಸುವ ಅಂಚೆಯವನಲ್ಲ. ಅರ್ಧ ಕಾಗದಗಳನ್ನು ತನ್ನ ಮೇಜಿನ ಮೇಲೇ ಸಾಯಿಸುವ ಧೈರ್ಯ ಅವನಿಗೆ ಬೇಕು.

ನೀನು ಮಾಡಬಹುದಾದದ್ದು ಇಷ್ಟು. ನಿನ್ನಂಥ ಐದಾರು ಮುಖ್ಯೋಪಾಧ್ಯಾಯಿನಿಯರು ಕೂಡಿ ಹೋಗಿ, ಗುಂಪಿನಲ್ಲಲ್ಲ, ಎದುರಿಗೆ ಕೂತು ಹೇಳಿ: ‘ಎಂಟರ ಬದಲು ಒಂದು ಕಳುಹಿಸುತ್ತೇವೆ, ಅಂದಿನ ಕರಿಹಲಗೆಯದು. ಅದರ ಕೆಳಗೆ ಮಕ್ಕಳಿಗೆ ಇವತ್ತು ಏನು ತಿಳಿಯಲಿಲ್ಲ ಎಂದು ಒಂದು ಸಾಲು ಬರೆಯುತ್ತೇವೆ. ನೀವು ಅದಕ್ಕೆ ಉತ್ತರ ಕೊಡಿ.’ ಒಪ್ಪಿದರೆ ಒಳ್ಳೆಯ ಅಧಿಕಾರಿ ಸಿಕ್ಕಂತೆ. ಒಪ್ಪದಿದ್ದರೆ ಖಿಚಡಿಯ ಫೋಟೋ ತೆಗೆಯುವ ಕೆಲಸವನ್ನು ಶಿಪಾಯಿಗೆ ಒಪ್ಪಿಸು. ಅವನ ಫೋಟೋ ನಿನ್ನದಕ್ಕಿಂತ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮಹಿಳಾ ಅಧಿಕಾರಿಗಳು ಮೆದು, ಶಿಸ್ತು ತರಲಾರರು ಎನ್ನುತ್ತಾರೆ. ನಿಮ್ಮ ಅನುಭವ?
ಓದುಗರು, ಪನವೇಲ್

ಉತ್ತರ: ನನ್ನ ಬೀಟಿನಲ್ಲಿ ವಿಚಾರಿಸಿ. ಯಾರೂ ನನ್ನನ್ನು ಮೆದು ಎಂದು ಹೇಳಲಾರರು. ಇನ್ನೇನೇನು ಹೇಳುತ್ತಾರೋ ಅದನ್ನು ಸಂಪಾದಕರು ಅಚ್ಚು ಹಾಕಲಾರರು.

ಪ್ರಶ್ನೆ: ಮುಂಬಯಿಯ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ. ಒಬ್ಬ ದಕ್ಷ ಅಧಿಕಾರಿ ಮನಸ್ಸು ಮಾಡಿದರೆ ಉಳಿಸಬಹುದಲ್ಲವೇ?
ಕನ್ನಡ ಸಂಘದ ಕಾರ್ಯಕರ್ತ, ಗೋರೆಗಾಂವ್

ಉತ್ತರ: ಅಣ್ಣಾ, ಈ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ಮೊಮ್ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು. ನನ್ನವರು ಇಂಗ್ಲಿಷ್ ಶಾಲೆಗೆ. ಆದ್ದರಿಂದ ನಾವಿಬ್ಬರೂ ದನಿ ತಗ್ಗಿಸಿ ಮಾತನಾಡೋಣ.

ಅಧಿಕಾರಿಯೊಬ್ಬ ಕನ್ನಡ ಶಾಲೆಗಳನ್ನು ಉಳಿಸಿದ್ದು ಚರಿತ್ರೆಯಲ್ಲಿ ಇದೆ. ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕನ್ನಡದ ಮಕ್ಕಳು ಶಾಲೆಗಳಲ್ಲಿ ಮರಾಠಿ ಕಲಿಯುತ್ತಿದ್ದರು. ಧಾರವಾಡದ ನಾರ್ಮಲ್ ಶಾಲೆಯ, ಎಂದರೆ ಶಿಕ್ಷಕರನ್ನು ತಯಾರು ಮಾಡುವ ಶಾಲೆಯ, ಮುಖ್ಯಸ್ಥರಾಗಿ, ಆಮೇಲೆ ಶಿಕ್ಷಣ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರಾಗಿ ಚನ್ನಬಸಪ್ಪನವರು ಅದನ್ನು ತಿರುಗಿಸಿದರು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲವಿತ್ತು. ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರನ್ನು ತಯಾರು ಮಾಡಿದರು. ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟದ್ದು ಆ ಕಾಲದಲ್ಲಿಯೇ. 1881ರಲ್ಲಿ ತೀರಿಕೊಂಡರು, ಐವತ್ತು ಕೂಡ ಆಗಿರಲಿಲ್ಲ. ಜನ ಅವರನ್ನು ಹುದ್ದೆಯ ಹೆಸರಿನಿಂದಲೇ ನೆನೆಯುತ್ತಾರೆ: ಡೆಪ್ಯುಟಿ ಚನ್ನಬಸಪ್ಪ. ಹುದ್ದೆಯಿಂದ ಮನುಷ್ಯರಿಗೆ ಹೆಸರು ಬರುವುದು ದಿನನಿತ್ಯದ ಮಾತು. ‘ಡೆಪ್ಯುಟಿ’ ಎಂಬ ಒಣಶಬ್ದಕ್ಕೆ ಇವರಿಂದ ಹೆಸರು ಬಂತು.

ಆದರೆ ಅವರ ಸುತ್ತ ಮಕ್ಕಳಿದ್ದರು, ಶಾಲೆ ಇರಲಿಲ್ಲ. ನಮ್ಮಲ್ಲಿ ಅದು ಉಲ್ಟಾ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಪೀಳಿಗೆ ಮುಗಿಯಿತು, ಊರಿನಿಂದ ಹುಡುಗರು ಬರುವುದೇ ನಿಂತಿತು, ಬಂದು ನೆಲೆಸಿದವರ ಮಕ್ಕಳು ಬೇರೆ ಶಾಲೆ ಹಿಡಿದರು. ಪಟ ಇಳಿದಂತೆ ಶಿಕ್ಷಕರು ಇಳಿಯುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಅರವತ್ತರವರೆಗೆ ಮಕ್ಕಳಿದ್ದರೆ ಕಾಯ್ದೆಯ ಪ್ರಕಾರ ಇಬ್ಬರೇ ಶಿಕ್ಷಕರು. ಇಬ್ಬರು ಐದು ಇಯತ್ತೆ ನೋಡಿಕೊಳ್ಳುವುದನ್ನು ಕಂಡ ಪಾಲಕರು ಉಳಿದ ಮಕ್ಕಳನ್ನೂ ಬಿಡಿಸುತ್ತಾರೆ. ಪುಣೆಯ ಬಾಲಭಾರತಿ 1967ರಿಂದ ಪಠ್ಯಪುಸ್ತಕ ಮಾಡುತ್ತಿದೆ, ಇಂದಿಗೂ ಕನ್ನಡದಲ್ಲಿ ಅಚ್ಚು ಹಾಕುತ್ತದೆ. ಪುಸ್ತಕ ಇದೆ, ಗೋಡೆ ಇದೆ, ಪಾಲಿಕೆಯ ಮಕ್ಕಳಿಗೆ ಚೀಲ, ಕೊಡೆ, ಬೂಟು ಎಲ್ಲ ಉಚಿತ. ಇಲ್ಲದ್ದು ಎಂಟನೆಯ ಇಯತ್ತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಬೀಟಿನಲ್ಲಿ ಏಳನೆಯ ಇಯತ್ತೆ ಮುಗಿಸಿದ ಮಕ್ಕಳಿಗೆ ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇರುತ್ತಿರಲಿಲ್ಲ. ಎರಡು ಲೋಕಲ್ ಬದಲಿಸಿ ಹೋಗಬೇಕು. ಗಂಡುಮಕ್ಕಳು ಹೇಗೋ ಹೋದರು. ವಡಾಲದ ಆಚೆಯ ಒಂದು ವಸತಿಯ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ಏಳನೆಯದಕ್ಕೇ ನಿಂತಳು. ತಂದೆ ಗೋದಿಯಲ್ಲಿ, ಎಂದರೆ ಬಂದರಿನಲ್ಲಿ, ಹಮಾಲ. ‘ಬೆಳಗ್ಗೆ ಆರರ ಗಾಡಿಗೆ ಯಾರು ಕರೆದುಕೊಂಡು ಹೋಗಬೇಕು?’ ಎಂದ. ಅವಳ ಜೊತೆ ಅದೇ ದಾರಿಯಲ್ಲಿ ಹೋಗುವ ನಾಲ್ವರು ಮಕ್ಕಳು ಬೇರೆ ಶಾಲೆಯಲ್ಲಿ ಇದ್ದರು. ಅದು ನನಗೆ ಗೊತ್ತಾದದ್ದು ಮಾರನೆಯ ವರ್ಷ. ಐದು ಮಕ್ಕಳನ್ನು ಕೂಡಿಸಿ ಒಬ್ಬ ತಾಯಿಯನ್ನು ಜೊತೆ ಮಾಡಿದ್ದರೆ ಮುಗಿಯುತ್ತಿತ್ತು. ಮಾರ್ಚಿನಲ್ಲೇ ಏಳನೆಯವರ ಪಟ್ಟಿ ಹಿಡಿದು, ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಮನೆಮನೆ ಕೇಳುವುದನ್ನು ನಾನು ಆಮೇಲೆ ರೂಢಿ ಮಾಡಿಕೊಂಡೆ. ಆ ಹುಡುಗಿಗೆ ಅದು ಒದಗಲಿಲ್ಲ.

ಹಾಗಾಗಿ ಉತ್ತರ: ಅಧಿಕಾರಿ ಶಾಲೆಗಳನ್ನು ಉಳಿಸಲಾರ, ಇರುವ ಮಕ್ಕಳನ್ನು ಹತ್ತನೆಯವರೆಗೆ ಮುಟ್ಟಿಸಬಲ್ಲ. ನಿಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೆ ಆಗುವ ಖರ್ಚಿನಲ್ಲಿ ಅಂಥ ಐದು ಮಕ್ಕಳ ರೈಲ್ವೆ ಪಾಸು ತೆಗೆಸುತ್ತೀರಾದರೆ ಪಟ್ಟಿ ಕೊಡುವವರು ನನಗೆ ಗೊತ್ತು.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ಅಧಿಕಾರಿಯಾಗಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?
ನಿಮ್ಮ ಹಳೆಯ ಓದುಗರು, ಠಾಣೆ

ಉತ್ತರ: ಮೇಲೆ ಒಂದನ್ನು ಹೇಳಿದ್ದೇನಲ್ಲ, ಸಾಲದೇ? ಇರಲಿ, ಇನ್ನೊಂದಿದೆ.

ಲಗ್ನಪತ್ರಿಕೆಯ ಚೀಟಿ ಮಾಡಿದ ಶಿಕ್ಷಕಿಯನ್ನು ಹೇಳಿದೆನಲ್ಲ. ಒಂದೂವರೆ ವರ್ಷದಲ್ಲಿ ಅವಳ ವರ್ಗದ ಮಕ್ಕಳೆಲ್ಲ ಓದತೊಡಗಿದರು. ಚಿತ್ರ ಮುಚ್ಚಿದರೂ ಓದಿದರು, ಕೊನೆಯ ಸಾಲಿನಿಂದಲೂ ಓದಿದರು. ನನಗೆ ಹಿಗ್ಗು. ಸಿಕ್ಕ ಸಭೆಯಲ್ಲೆಲ್ಲ ಅವಳ ಹೆಸರು ಹೇಳಿದೆ. ಆಮೇಲೆ, ಇಂಥ ಪ್ರತಿಭೆ ಒಂದೇ ಕೊಠಡಿಯಲ್ಲಿ ಇರಬಾರದು ಎಂದು ತೋರಿ, ಅವಳನ್ನು ಉಳಿದ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಲು ಹಚ್ಚಿದೆ. ಜುಲೈಯಿಂದ ಅವಳು ಇವತ್ತು ಕುರ್ಲಾ, ನಾಳೆ ಅಂಧೇರಿ ಎಂದು ತಿರುಗಿದಳು. ಅವಳ ವರ್ಗದ ಮೂವತ್ತನಾಲ್ಕು ಮಕ್ಕಳನ್ನು ಪಕ್ಕದ ವರ್ಗಕ್ಕೆ ಸೇರಿಸಿದರು. ಒಳ್ಳೆಯ ಶಿಕ್ಷಕಿಗೆ ನಾನು ಕೊಟ್ಟ ಬಹುಮಾನವೆಂದರೆ ಮಕ್ಕಳಿಂದ ಅವಳನ್ನು ಬಿಡಿಸಿದ್ದು. ಅವಳು ಎದುರಾಡಲಿಲ್ಲ. ಸಾಹೇಬರು ಮೆಚ್ಚಿ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ?

ಗಣಪತಿ ಹಬ್ಬದ ಮುಂಚೆ ಒಂದು ಸಂಜೆ ಸಾಯನ್ ನಿಲ್ದಾಣದ ಸೇತುವೆ ಇಳಿಯುತ್ತಿದ್ದೆ. ಒಬ್ಬಳು ಚಿಕ್ಕ ಹುಡುಗಿ ಅಜ್ಜಿಯ ಕೈ ಬಿಡಿಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. ಆ ವರ್ಗದವಳೇ. ‘ಬಾಯಿ, ನಮ್ಮ ಟೀಚರನ್ನು ನೀವು ಒಯ್ದಿದ್ದೀರಂತೆ. ಯಾವಾಗ ತಿರುಗಿ ಕೊಡುತ್ತೀರಿ?’ ಎಂದು ಕೇಳಿದಳು. ನಾಡಿದ್ದೇ ಎಂದೆ. ಮರುದಿನವೇ ಕಾಗದ ಬರೆದೆ. ನಾನೇ ಹೊರಡಿಸಿದ ವ್ಯವಸ್ಥೆಯನ್ನು ನಾನೇ ರದ್ದು ಮಾಡಿಸಿಕೊಳ್ಳಲು ಜನವರಿಯವರೆಗೆ ಹಿಡಿಯಿತು.